‘ಇದ್ದೀಯಾ?’ ಎಂದು ಕೇಳದ ಯಂತ್ರ

ನದಿಯ ಆಚೆ ಹಳೆ ಆಸ್ಪತ್ರೆ, ಈಚೆ ಹೊಸದು. ಕಿಡ್ನಿಗಾಗಿ ಕಾಯುವವರ ಪಟ್ಟಿಯನ್ನು ಆಚೆ ಬರೆಯುತ್ತಾರೆ. ಅದರ ನಕಲು ವೈರಿನಲ್ಲಿ ಈಚೆ ಬರುತ್ತದೆ. ಆ ನಕಲು ನೋಡಿಕೊಂಡು ಕಿಡ್ನಿ ಹಾಕುವುದು ಈಚೆ. ನಕಲಿನ ಕಂಪ್ಯೂಟರ್ ಇರುವ ಕೋಣೆಯ ಕಸ ಗುಡಿಸುವವನು ನಾನು. ಪಟ್ಟಿಯಲ್ಲಿ ನಾಲ್ಕನೆಯವಳು ನನ್ನ ಅಕ್ಕ.

ಈಚೆಯ ಯಂತ್ರ ಹತ್ತು ಸೆಕೆಂಡಿಗೊಮ್ಮೆ ಆಚೆಯದನ್ನು ‘ಇದ್ದೀಯಾ?’ ಎಂದು ಕೇಳುತ್ತಿತ್ತು. ಉತ್ತರ ಚೂರು ತಡವಾದರೂ ಕಿರುಚುತ್ತಿತ್ತು. ಎಂಥ ಕಿರುಚು ಅಂತೀರಿ! ಎದುರುಮನೆ ಮುದುಕನ ಹಲ್ಲಿನ ಸೆಟ್ಟು ಲೋಟದಿಂದ ನೆಗೆದು ಮೂರು ಬೀದಿ ಓಡಿತ್ತು. ಬೆರಳಿಗೆ ಕಚ್ಚಿಸಿಕೊಂಡು ಹಿಡಿದು ತಂದವನು ನಾನೇ. ಚಹಾ ಹೊತ್ತಿನಲ್ಲಿ ಈ ಕಥೆ ಹೇಳುವಾಗ, ಸರಿಯಾಗಿ ಹಲ್ಲು ನೆಗೆಯುವ ಜಾಗದಲ್ಲೇ ಅದು ಮತ್ತೆ ಕಿರುಚಿತು.

“ಇದರ ಬಾಯಿಗೆ ಬಟ್ಟೆ ತುರುಕಮ್ಮಾ,” ಎಂದೆ ಯಂತ್ರ ನೋಡಿಕೊಳ್ಳುವ ಎಂಜಿನಿಯರಮ್ಮನಿಗೆ.

“ನಂಗೂ ತಲೆ ಚಿಟ್ಟು ಹಿಡಿದಿದೆ ಮಾವ. ದಿನಕ್ಕೆ ಇಪ್ಪತ್ತು ಸಲ! ಹೋಗಿ ನೋಡಿದ್ರೆ ಏನೂ ಆಗಿರಲ್ಲ,” ಎಂದು ಆಕೆ ಆ ಪ್ರಶ್ನೆಯನ್ನೇ ನಿಲ್ಲಿಸಿಬಿಟ್ಟಳು. “ವೈರ್ ಹೋದ್ರೆ ದೀಪ ಕೆಂಪಾಗತ್ತೆ ಬಿಡಿ.”

ಸೋಮವಾರ ಸೇತುವೆ ಕೆಳಗೆ, ಆಚೆಯ ಸುದ್ದಿಯನ್ನು ಈಚೆ ದಾಟಿಸುವ ಪೆಟ್ಟಿಗೆಯೊಂದು ಕೆಟ್ಟು ನಿಂತಿತು. ಎರಡೂ ತುದಿಯಲ್ಲಿ ವೈರು ನೆಟ್ಟಗೇ ಇತ್ತು, ದೀಪ ಹಸಿರಾಗೇ ಇತ್ತು. ಆಚೆಯಿಂದ ಹೊಸ ಸುದ್ದಿ ಇಲ್ಲವೆಂದುಕೊಂಡು ನಮ್ಮ ಯಂತ್ರ ತೆಪ್ಪಗೆ ಕೂತಿತು. ಮಂಗಳವಾರ ಅಕ್ಕನ ಸ್ಥಿತಿ ಕೆಟ್ಟಿತೆಂದು ಆಚೆಯ ಡಾಕ್ಟರು ಅವಳನ್ನು ಪಟ್ಟಿಯ ತಲೆಗೆ ಏರಿಸಿದರು. ಬುಧವಾರ ಅವಳಿಗೆ ಹೊಂದುವಂಥದೇ ಕಿಡ್ನಿ ಬಂತು. ಈಚೆ ಅವಳಿನ್ನೂ ನಾಲ್ಕನೆಯವಳು. ಬೇರೆಯವರಿಗೆ ಹಾಕಿದರು.

ಆ ಮೂರು ದಿನವೂ ನನ್ನ ಕಥೆಗೆ ಅಡ್ಡಿಯೇ ಇರಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗುರುವಾರ ಎಂಜಿನಿಯರಮ್ಮನಿಗೆ ಗೊತ್ತಾಯಿತು. ಅಳುತ್ತಲೇ ಪ್ರಶ್ನೆಯನ್ನು ಮತ್ತೆ ಹಚ್ಚಿದಳು. ಒಂದು ಸಲ ಉತ್ತರ ತಪ್ಪಿದರೆ ಸುಮ್ಮನಿರು, ಸಾಲಾಗಿ ಮೂರು ಸಲ ತಪ್ಪಿದರೆ ಮಾತ್ರ ಕಿರುಚು ಎಂದು ಕಲಿಸಿದಳು. ಅರ್ಧ ಗಂಟೆಯ ಕೆಲಸ.

ಇನ್ನೊಂದು ಕಿಡ್ನಿ ಬರುವವರೆಗೆ ಅಕ್ಕ ಉಳಿಯುವುದಿಲ್ಲವೆಂದು ಡಾಕ್ಟರು ನನಗೆ ಹೇಳಿಬಿಟ್ಟಿದ್ದರು. ಅವಳ ಹಾಸಿಗೆಯ ಅಂಚಿನಲ್ಲಿ ಕೂತೆ.

“ನಿನ್ನ ಕಿಡ್ನಿ ಹೋಗಿದ್ದು ನನ್ನಿಂದ ಕಣಕ್ಕಾ. ಆ ಯಂತ್ರದ ಬಾಯಿ ಮುಚ್ಸಿದ್ದು ನಾನೇ.”

ಊದಿದ ಮುಖದಲ್ಲೇ ನಕ್ಕಳು. “ಆಮೇಲೆ? ಹಲ್ಲಿನ ಸೆಟ್ಟು ಎಲ್ಲಿ ಬರುತ್ತೋ ಇದ್ರಲ್ಲಿ?”

“ಇದು ನಿಜ ಅಕ್ಕಾ.”

“ಪ್ರತಿ ಸಲಾನೂ ಹಂಗೇ ಅಂತೀಯ. ಮುಂದಕ್ಕೆ ಹೇಳೋ, ಕಳ್ಳ.”

ಹೇಳಿದೆ. ಮುದುಕನ ಹಲ್ಲು ಈ ಸಲ ಸೇತುವೆಯನ್ನೂ ದಾಟಿ ಓಡಿತು.