ಡ್ರಾಯರಿನಲ್ಲಿ ಬಿಟ್ಟ ಮೊಹರು

ಕೊರೋನಾ ಬಂದು ಟೋಕಿಯೋ ಬಾಗಿಲು ಹಾಕಿಕೊಂಡರೂ ಜಪಾನಿನ ಕಾಗದಗಳಿಗೆ ಮಾತ್ರ ರಜೆ ಇರಲಿಲ್ಲ ನೋಡಿ. ಒಂದೊಂದು ಕಾಗದಕ್ಕೂ ಸಂಬಂಧಪಟ್ಟವರೆಲ್ಲ ಹಾಂಕೋ ಎಂಬ ಕೆಂಪು ಮೊಹರು ಒತ್ತಬೇಕು. ಅದೊಂದಕ್ಕಾಗಿ ಮನೆಯಿರುವ ಗ್ಯೋಟೋಕುವಿನಿಂದ ಲ್ಯಾಬಿರುವ ವಾಕೋವರೆಗೆ ಮಾಸ್ಕ್ ಬಿಗಿದು ಎರಡು ರೈಲು ಹತ್ತುವುದು ಯಾರಿಗೆ ಬೇಕು? ವಿಶಾಲಾಕ್ಷಿ ತನ್ನ ಹೆಸರು ಕೊರೆದ ಹಾಂಕೋವನ್ನು ಲ್ಯಾಬಿನ ಡ್ರಾಯರಿನಲ್ಲೇ ಬಿಟ್ಟು, ಬೇಕಾದಾಗ ಒತ್ತಿಕೊಳ್ಳಿ ಎಂದು ಕಾರ್ಯದರ್ಶಿ ಮೊರಿತಾ-ಸಾನ್‌ಗೆ ಹೇಳಿ ಬಂದಳು. ಕೋಲು ಕೊಟ್ಟು ಹೊಡೆಸಿಕೊಳ್ಳುವುದೆಂದರೆ ಇದೇ.

ಆ ಖಾಸಗಿ ಲ್ಯಾಬಿನಲ್ಲಿ ಅವಳು ಶಾಖ ಗುರುತಿಸುವ ಕ್ಯಾಮೆರಾಕ್ಕೆ ಲೆನ್ಸ್ ಮಾಡಿದ್ದಳು. ಕಾಡ್ಗಿಚ್ಚು ಬೇಗ ಗೊತ್ತಾಗಲಿ ಎಂದು ನಾಲ್ಕು ವರ್ಷ ದುಡಿದಿದ್ದಳು. ಕಂಪನಿ ಈಗ ಆ ಕ್ಯಾಮೆರಾಗಳನ್ನು ಪರದೇಶದ ಸರ್ಕಾರವೊಂದಕ್ಕೆ ಮಾರಲು ಹೊರಟಿತ್ತು. ಅಲ್ಲಿನ ಸೈನ್ಯ ತನ್ನದೇ ಗಡಿಹಳ್ಳಿಗಳ ಮೇಲೆ ಬಾಂಬು ಹಾಕುತ್ತಿದೆ ಎಂದು ಪತ್ರಿಕೆಗಳು ಬರೆದಿದ್ದರಿಂದ ಸಂಸತ್ತಿನ ಸಮಿತಿ ವಿವರಣೆ ಕೇಳಿತು.

ಆ ಮಂಗಳವಾರ ವಿಶಾಲಾಕ್ಷಿ ಹುರುಳಿಕಾಯಿ ಹೆಚ್ಚುತ್ತ ಲ್ಯಾಪ್‌ಟಾಪಿನಲ್ಲಿ ಸಮಿತಿಯ ಸಭೆ ನೋಡುತ್ತಿದ್ದಳು. ವಯಸ್ಸಾದ ಸದಸ್ಯೆಯೊಬ್ಬರು ಕಂಪನಿ ಕೊಟ್ಟ ಒಂದು ಪತ್ರವನ್ನು ದೊಡ್ಡದು ಮಾಡಿಸಿ ರಟ್ಟಿಗೆ ಅಂಟಿಸಿ ತಂದಿದ್ದರು. ಈ ಕ್ಯಾಮೆರಾವನ್ನು ವಿಮಾನಕ್ಕೆ ಕಟ್ಟಿ ಮನುಷ್ಯರನ್ನು ಹುಡುಕಲು ಆಗುವುದಿಲ್ಲವೇ ಎಂದು ಕೇಳಿದರು. ಆಗುವುದಿಲ್ಲ, ಅದನ್ನು ಮಾಡಿದ ವಿಜ್ಞಾನಿಯೇ ಈ ಪತ್ರ ಓದಿ ಮೊಹರು ಒತ್ತಿದ್ದಾರೆ ಎಂದು ಸರ್ಕಾರದ ಅಧಿಕಾರಿ ಉತ್ತರಿಸಿದ.

ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಪ್ರೇರಣಾ ತಲೆಯೆತ್ತಿದಳು. "ಅಮ್ಮಾ, ಲುಕ್, ಯುವರ್ ನೇಮ್."

ಆ ಪತ್ರವನ್ನು ವಿಶಾಲಾಕ್ಷಿ ಕಂಡೇ ಇರಲಿಲ್ಲ. ಮನುಷ್ಯರನ್ನು ಹುಡುಕಲು ಖಂಡಿತ ಆಗುತ್ತದೆ. ಅದು ಅವಳಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತು? ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆಯೂ ಬರಲಿಲ್ಲ. ಉಳಿದ ಹುರುಳಿಕಾಯಿ ಹೆಚ್ಚಿ ಮುಗಿಸಿದಳು.

ಫೋನು ಮಾಡಿದಾಗ ಮೊರಿತಾ-ಸಾನ್ ಮೂರು ಸಲ ಸುಮಿಮಾಸೆನ್ ಎಂದು ಕ್ಷಮೆ ಕೇಳಿದರು. ಒತ್ತಿಕೊಳ್ಳಿ ಎಂದು ನೀವೇ ಹೇಳಿದ್ದಿರಲ್ಲ ಎಂದೂ ಸೇರಿಸಿದರು. ಸುಳ್ಳೇನಲ್ಲ.

ಸದಸ್ಯೆಯ ಕಚೇರಿಯ ನಂಬರನ್ನು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದಳು. ಶುಕ್ರವಾರ ಸಮಿತಿಯ ಕೊನೆಯ ಸಭೆ. ಆಮೇಲೆ ಸರ್ಕಾರದ ಒಪ್ಪಿಗೆ. ಅಷ್ಟರೊಳಗೆ ಒಂದು ಫೋನು ಹೋದರೆ ಸಾಕಿತ್ತು.

ಕೆಲಸ ಕಳೆದುಕೊಂಡು ಮನೆಯಲ್ಲಿದ್ದ ಗಂಡ ಅಶ್ವತ್ಥ ಚೀಟಿ ನೋಡಿದ. "ಮೂರೂ ಜನರ ವೀಸಾ ನಿನ್ನ ಕೆಲಸದ ಮೇಲಿದೆ ಕಣೆ. ಏಪ್ರಿಲ್‌ಗೆ ರಿನ್ಯೂವಲ್. ವಾಪಸ್ ಹೋಗೋಣ ಅಂದ್ರೂ ಫ್ಲೈಟ್ ಇಲ್ಲ," ಎಂದ. ಮಾಡಬೇಡ ಎಂದು ಮಾತ್ರ ಹೇಳಲಿಲ್ಲ, ಪುಣ್ಯಾತ್ಮ.

ಬುಧವಾರ ಚೀಟಿ ನೋಡುತ್ತ ಸಾರು ಮಾಡಿದಳು. ಗುರುವಾರ ಹಾಲು ತೆಗೆಯುವಾಗ ಚೀಟಿ ಬಿತ್ತು, ಮತ್ತೆ ಅಂಟಿಸಿದಳು. ಶುಕ್ರವಾರವೂ ಕಳೆಯಿತು.

ತಿಂಗಳಾದ ಮೇಲೆ ಹಾಂಕೋ ವಾಪಸ್ ತರಲೆಂದೇ ವಾಕೋಗೆ ಹೋದಳು. ಮೊರಿತಾ-ಸಾನ್ ಅದನ್ನು ಒರೆಸಿ ಎರಡೂ ಕೈಯಲ್ಲಿ ಕೊಟ್ಟರು. ಹೇಗೂ ಬಂದಿದ್ದೀರಿ ಎಂದು ಒಂದು ಕಾಗದವನ್ನೂ ಮುಂದಿಟ್ಟರು. ಅದೇ ದೇಶಕ್ಕೆ ಇನ್ನಷ್ಟು ಕ್ಯಾಮೆರಾ, ಅದೇ ಒಕ್ಕಣೆ. ಈ ಸಲ ನೀವೇ ಓದಿ ನೋಡಿ ಎಂದರು.

ವಿಶಾಲಾಕ್ಷಿ ಮೊದಲಿನಿಂದ ಕೊನೆಯವರೆಗೆ ಓದಿದಳು. ಒಂದು ಪದವೂ ಅರ್ಥವಾಗದೆ ಉಳಿಯಲಿಲ್ಲ. ಹಾಂಕೋವನ್ನು ಕೆಂಪು ಶಾಯಿಗೆ ತಾಕಿಸಿ ತನ್ನ ಕೈಯಾರೆ ಒತ್ತಿದಳು. ಅಕ್ಷರ ಸ್ಪಷ್ಟವಾಗಿ ಮೂಡಿತ್ತು. ಮೊರಿತಾ-ಸಾನ್ ಬಗ್ಗಿ ಅರಿಗಾತೋ ಎಂದು ಧನ್ಯವಾದ ಹೇಳಿದರು.