ನಾಲ್ವರ ಟೇಬಲ್ಲಿಗೆ ಹದಿನಾರು ಕಾಫಿ

ಪ್ರಾಸ್ಪೆಕ್ಟ್ ರಸ್ತೆಯ ಕೆಫೆಯಲ್ಲಿ ಕಾಫಿ ಮೆಷಿನ್ನಿನ ನೆತ್ತಿಗೆ ಆರ್ಡರ್ ತೋರಿಸುವ ಹೊಸ ಪರದೆ ಬಂದು ವಾರವಾಗಿರಲಿಲ್ಲ. ಗಿರಾಕಿಗಳು ಫೋನಿನಲ್ಲಿ ಆರ್ಡರ್ ಒತ್ತಿ ಅಲ್ಲೇ ದುಡ್ಡು ಕಟ್ಟಿದರೆ ಸಾಕು, ಪರದೆಯ ಮೇಲೆ ಹಸಿರು ಚೌಕವೊಂದು ಮೂಡುತ್ತಿತ್ತು. ತಡವಾದರೆ ಅದು ಹಳದಿಯಾಗಿ, ಇನ್ನೂ ತಡವಾದರೆ ಕೆಂಪಾಗಿ ಗುರಾಯಿಸುತ್ತಿತ್ತು. ಕಾಫಿ ಕೊಟ್ಟು ಬೆರಳಿಂದ ಮುಟ್ಟಿದರೆ ಚೌಕ ಮಾಯ.

ಮಾಲೀಕ ವಸಂತಕುಮಾರ್ ಅವರಿಗೆ ನಂಬಿಕೆಯಿದ್ದದ್ದು ತಾವೇ ಗೀಚುವ ಚೀಟಿಗಳ ಮೇಲೆ. ಆ ಕೈಬರಹ ಓದಲಾರದೆ ಸೋತಿದ್ದ, ಕಾಫಿ ಮಾಡುವ ಬರಿಸ್ತಾ ಇಂದುಮತಿ ಹಟ ಹಿಡಿದು ಪರದೆ ಹಾಕಿಸಿದ್ದಳು. ಅವರೂ ಷರತ್ತು ಹಾಕಿದ್ದರು: "ಶನಿವಾರದ ರಶ್ಶು ಈ ಟೀವೀಲಿ ಸಲೀಸಾಗಿ ಕಳೀತು ಅಂದ್ರೆ ಇನ್ಮೇಲೆ ಶನಿವಾರ ನೀನು ಹನ್ನೆರಡಕ್ಕೆ ಹೊರಡಮ್ಮ. ಇಲ್ಲಾಂದ್ರೆ ಟೀವಿ ವಾಪಸ್ಸು, ನೀನು ಪೂರ್ತಿ ಆರ್ವೋ, ಸಂಜೆವರೆಗೂ ಇಲ್ಲೇ."

ಶನಿವಾರ ಮಧ್ಯಾಹ್ನ ಮಗಳು ಪ್ರಣತಿಯ ಈಜು ಕ್ಲಾಸು. ಇಂದುಮತಿ ಅದನ್ನು ಒಮ್ಮೆಯೂ ನೋಡಿರಲಿಲ್ಲ. "ಎಲ್ಲರ ಮಮ್ ಕಮ್ಸ್" ಎಂದು ಹುಡುಗಿ ಹೇಳಿದ್ದು ಅಳುತ್ತಾ ಅಲ್ಲ, ಸುಮ್ಮನೆ ಶೂ ಲೇಸ್ ಕಟ್ಟಿಕೊಳ್ಳುತ್ತಾ. ಅದಕ್ಕೇ ಅದು ಹೆಚ್ಚು ಚುಚ್ಚಿತ್ತು.

ಇಂದುಮತಿಗೆ ಭಯವಿದ್ದದ್ದು ಒಂದೇ ಗುಂಪಿನದು. ಎದುರಿನ ಹಾಲ್‌ನಲ್ಲಿ ಮಕ್ಕಳನ್ನು ಕನ್ನಡ ತರಗತಿಗೆ ಬಿಟ್ಟು ನಾಲ್ವರು ಇಲ್ಲಿಗೆ ಬರುತ್ತಿದ್ದರು: ಮೊಮ್ಮಗನನ್ನು ಕರೆತರುವ ಶಕುಂತಲಾ ಆಂಟಿ, ಸ್ಯಾಲಿಸ್‌ಬರಿ ಬಡಾವಣೆಯಲ್ಲಿ ಎಂಜಿನಿಯರಾಗಿದ್ದ ರಮಾಕಾಂತ್, ದೇವರಾಜ ಮತ್ತು ಅವನ ಹೆಂಡತಿ ವನಜಾ. ಪ್ರತಿ ವಾರ ಕೌಂಟರಿನಲ್ಲಿ ಬಿಲ್ಲು ಕೊಡುವ ಕುಸ್ತಿ. ಒಬ್ಬರು ಕಾರ್ಡ್ ಚಾಚಿದರೆ ಇನ್ನೊಬ್ಬರು ಮಣಿಕಟ್ಟು ಹಿಡಿಯುವರು, ಮತ್ತೊಬ್ಬರು ಕಂಕುಳ ಸಂದಿಯಿಂದ ತಮ್ಮ ಕಾರ್ಡ್ ತೂರಿಸುವರು. ಕ್ಯೂನಲ್ಲಿದ್ದ ಬಿಳಿಯನೊಬ್ಬ ಒಮ್ಮೆ, ಪೊಲೀಸರನ್ನು ಕರೆಯಬೇಕೇ ಎಂದು ಮೆಲ್ಲಗೆ ಕೇಳಿದ್ದ.

ಆದರೆ ಈ ಶನಿವಾರ ನಾಲ್ವರೂ ಸದ್ದಿಲ್ಲದೆ ಮೂಲೆಯ ಟೇಬಲ್ಲಿಗೆ ಹೋಗಿ ಕುಳಿತರು. ಹವಾಮಾನದ ಬಗ್ಗೆ ಮಾತಾಡಿದರು. ಕೈಗಳೆಲ್ಲ ಟೇಬಲ್ಲಿನ ಕೆಳಗಿದ್ದವು. ಪರದೆ ಒಳ್ಳೆ ಕೆಲಸ ಮಾಡಿತಲ್ಲ ಎಂದು ಇಂದುಮತಿ ಉಸಿರುಬಿಟ್ಟಳು.

ಚೌಕ ಮೂಡಿತು: ಫ್ಲ್ಯಾಟ್ ವೈಟ್, ಕ್ಯಾಪುಚಿನೊ, ಸ್ಟ್ರಾಂಗ್ ಲಾಟೆ, ಸಕ್ಕರೆಯಿಲ್ಲದ ಮೋಕಾ. ಅದರ ಬೆನ್ನಿಗೇ ಅದೇ ನಾಲ್ಕು. ಮತ್ತೆ ಅದೇ ನಾಲ್ಕು. ಮತ್ತೆ. ಪರದೆ ಕೆಟ್ಟಿತೆಂದುಕೊಂಡಳು. ಆಮೇಲೆ ಮೇಲಿನ ಹೆಸರುಗಳನ್ನು ಓದಿದಳು. ನಾಲ್ಕು ಚೌಕ, ನಾಲ್ಕು ಹೆಸರು. ಉಳಿದವರಿಗೆ ಗೊತ್ತಾಗದಂತೆ ಪ್ರತಿಯೊಬ್ಬರೂ ಇಡೀ ಟೇಬಲ್ಲಿಗೆ ಕೊಡಿಸಿದ್ದರು.

ಹಿಂದಿದ್ದ ಬೇರೆ ಗಿರಾಕಿಗಳ ಚೌಕಗಳು ಹಳದಿಗೆ ತಿರುಗತೊಡಗಿದವು.

"ಸರ್, ಮೂರು ಆರ್ಡರ್ ಕ್ಯಾನ್ಸಲ್ ಮಾಡ್ಬೇಕು."

"ಯಾಕೆ? ದುಡ್ಡು ಬಂದಿದೆ, ಮಾಡು," ಎಂದರು ವಸಂತಕುಮಾರ್. "ನಿನ್ನ ಟೀವಿ ತಾನೇ ಕೇಳ್ತಿರೋದು."

ಇಂದುಮತಿ ಏಪ್ರನ್ನಿಗೆ ಕೈ ಒರೆಸಿಕೊಂಡು ಮೂಲೆಯ ಟೇಬಲ್ಲಿಗೆ ನಡೆದಳು. "ಇವತ್ತು ಯಾರು ಕೊಡಿಸ್ತಿರೋದು?"

"ನಾನು," ಎಂದವು ನಾಲ್ಕು ಬಾಯಿ.

"ರೀ, ನಾನು ಮಾಡ್ತೀನಿ ಅಂತ ಕಾರಲ್ಲೇ ಹೇಳಿರ್ಲಿಲ್ವಾ?" ವನಜಾ ಗಂಡನತ್ತ ತಿರುಗಿದಳು.

"ನೀನು ಮರೀತೀಯ ಅಂತ ಮಾಡ್ದೆ," ಎಂದ ದೇವರಾಜ.

"ನಂದು ಇರ್ಲಿ, ಅವರದ್ದೆಲ್ಲ ತೆಗೆದ್ಬಿಡಿ," ರಮಾಕಾಂತ್ ಕೈ ಎತ್ತಿದರು. "ಹೋದ ಸಲಾನೂ ಆಂಟೀನೇ ಕೊಟ್ರು. ಎಷ್ಟು ಅಂತ ತಿನ್ನೋದು ಅವರ ಋಣ?"

"ಮೋಕಾ ಕುಡಿದ್ರೆ ಎಂಥ ಋಣನಪ್ಪ," ಎಂದರು ಆಂಟಿ. "ಹೆತ್ತಮ್ಮನ ವಯಸ್ಸಿನೋಳು ನಾನು. ಇಂದು, ಇವರ ಮಾತು ಕೇಳ್ಬೇಡ, ಹಾಲು ಕಾಯ್ಸು ಹೋಗು."

ಕೌಂಟರಿನ ಹಿಂದೆ ಒಂದು ಚೌಕ ಕೆಂಪಾಯಿತು. ವಸಂತಕುಮಾರ್ ಅದನ್ನು ನೋಡಿ, ಗಡಿಯಾರ ನೋಡಿ, ಚೀಟಿ ಪುಸ್ತಕದ ಮೇಲಿನ ಧೂಳು ಊದಿದರು.

"ಆಂಟಿ, ನಾನು ತೀರ್ಮಾನ ಮಾಡಲ್ಲ," ಎಂದಳು ಇಂದುಮತಿ. "ಪರದೆ ಮಾಡುತ್ತೆ. ಯಾರು ಮೊದಲು ಒತ್ತಿದ್ದಾರೋ ಅವರದ್ದು ಇವತ್ತು. ಆಮೇಲಿನವರದ್ದು ಮುಂದಿನ ಶನಿವಾರ, ಹಾಗೇ ಸಾಲಾಗಿ. ತಾರೀಖು ಹಾಕಿಡ್ತೀನಿ, ಅವತ್ತು ಅದೇ ಎದ್ದು ಬರುತ್ತೆ. ಯಾರ ದುಡ್ಡೂ ವಾಪಸ್ ಬರಲ್ಲ, ಯಾರ ಮಾತೂ ಬೀಳಲ್ಲ."

ನಾಲ್ವರೂ ಪರದೆಯತ್ತ ತಿರುಗಿದರು. ಮನುಷ್ಯರಾಗಿದ್ದರೆ ಕೈ ಹಿಡಿದು ಎಳೆಯಬಹುದಿತ್ತು. ಪರದೆಯ ಯಾವ ಕೈ ಹಿಡಿಯುವುದು?

"ಮೊದಲು ಯಾರು ಒತ್ತಿರೋದು?" ದೇವರಾಜ ಕೇಳಿದ.

"ವನಜಾ."

ವನಜಾ ಗಂಡನ ಕಡೆ ನೋಡಿದ ನೋಟದಲ್ಲಿ ಒಂದು ವಾರಕ್ಕಾಗುವಷ್ಟು ಮಾತಿತ್ತು.

"ನನ್ನದು ಕೊನೇದಾ?" ಆಂಟಿ ಕನ್ನಡಕ ತೆಗೆದರು. "ಕಣ್ಣು ಕಾಣದೆ ಹುಡುಕ್ತಾ ಕೂತಿದ್ದೆ. ಮುಂದಿನ ಸಲ ಮೊಮ್ಮಗನ ಕೈಲಿ ಒತ್ತಿಸ್ತೀನಿ, ಕಾರ್ ಪಾರ್ಕಿಂದಾನೇ."

ಮೂರು ಚೌಕಗಳು ಪರದೆಯಿಂದ ಸರಿದು ಮುಂದಿನ ಶನಿವಾರಗಳಿಗೆ ಹೋದವು. ಉಳಿದವನ್ನು ಇಂದುಮತಿ ಒಂದೊಂದಾಗಿ ಮುಗಿಸಿದಳು. ಕೊನೆಯ ಕೆಂಪು ಮಾಯವಾದಾಗ ವಸಂತಕುಮಾರ್ ಬರಿದಾದ ಪರದೆಯ ಮುಂದೆ ನಿಂತಿದ್ದರು.

"ಅಂದ್ರೆ ಮುಂದಿನ ಮೂರು ವಾರದ ವ್ಯಾಪಾರ ಇವತ್ತೇ ಆಗೋಯ್ತು."

"ಹೂಂ ಸರ್."

"ಚೀಟೀಲಿ ಇದು ಆಗ್ತಿರ್ಲಿಲ್ಲ," ಎಂದು ಒಪ್ಪಿಕೊಂಡು ಅವರು ಚೀಟಿ ಪುಸ್ತಕವನ್ನು ಡ್ರಾಯರಿಗೆ ತಳ್ಳಿದರು. "ಹೊರಡು ಹೊರಡು. ಮಗು ಕಾಯ್ತಿರುತ್ತೆ."

ಈಜುಕೊಳದ ಬೆಂಚಿನಲ್ಲಿ ಇಂದುಮತಿ ಹಾಲಿನ ವಾಸನೆಯ ಅಂಗಿಯಲ್ಲೇ ಕುಳಿತಳು. ಆಚೆ ದಡದಲ್ಲಿ ಸಾಲಿನ ಕೊನೆಗೆ ನಿಂತಿದ್ದ ಪ್ರಣತಿ ಈಜು ಕನ್ನಡಕ ಮೇಲೆತ್ತಿ ಇತ್ತ ನೋಡಿದಳು, ಇನ್ನೊಮ್ಮೆ ನೋಡಿದಳು. ತನ್ನ ಸರದಿ ಬರುವುದನ್ನೂ ಕಾಯದೆ ನೀರಿಗೆ ಹಾರಿದಳು.