ಬಾಗಿಲಿನಿಂದ ಶುರು ಮಾಡಿದವನು

ಬಾಗಿಲಿನಿಂದ ಶುರು ಮಾಡಿದ್ದೇ ತಪ್ಪು ಎಂದು ವಿಬ್ರಾಂಡನಿಗೆ ಹೊಳೆದದ್ದು ಬೆನ್ನು ಕಿಟಕಿಯ ಮೂಲೆಗೆ ತಗುಲಿದಾಗ. ಅವನಿಗೂ ಬಾಗಿಲಿಗೂ ನಡುವೆ ನೆಲದ ಹಳೆಯ ಅಂಟೆಲ್ಲ ಅವನು ಸುರಿದ ದ್ರಾವಣ ಕುಡಿದು ಮೆತ್ತಗಾಗಿ ಪಾಕದ ಹಾಗೆ ಹೊಳೆಯುತ್ತಿತ್ತು.

ಬಾಡಿಗೆ ಮನೆ ಬಿಡುವಾಗ ನೆಲವನ್ನು ಬೋಳು ಮಾಡಿ ಒಪ್ಪಿಸಬೇಕು. ಜುಟ್ಫೆನ್ ಎಂಬ ಆ ಡಚ್ ಊರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ ಬೂದು ಕಾರ್ಪೆಟ್ ಆರಿಸಿದವಳು ಹೆಂಡತಿ ಹಿಲ್ಕೆ, ಅಂಟು ಬಳಿದವನು ಅವನು. ಅಂಚಿಗಷ್ಟೇ ಬಳಿದರೆ ಸಾಕಿತ್ತು. ಜೀವಮಾನವಿಡೀ ಇಲ್ಲೇ ಇರುವವನಂತೆ ಮೂಲೆಮೂಲೆಗೂ ಬಳಿದಿದ್ದ. ಬೂಟು ಹೊರಗೆ ಬಿಡುವುದು ಕಾರ್ಪೆಟ್ ಕೊಳೆಯಾಗದಿರಲಿ ಎಂದು ಅವಳು ಕಲಿಸಿದ ಅಭ್ಯಾಸ. ಕಾರ್ಪೆಟ್ಟನ್ನೇ ಕಿತ್ತು ಎಸೆದ ಮೇಲೂ ಬೂಟನ್ನು ಬಾಗಿಲಾಚೆಯೇ ಬಿಟ್ಟಿದ್ದ.

ಮೇ ತಿಂಗಳ ಒಂದು ಭಾನುವಾರ ಕಾಫಿ ಕುಡಿಯುತ್ತ ಹಿಲ್ಕೆ, ಬೇರೆಯಾಗೋಣ ಎಂದಿದ್ದಳು. ಹಿಂದಿನ ದಿನದವರೆಗೆ ತನಗೂ ಗೊತ್ತಿರಲಿಲ್ಲ ಎಂದೂ ಹೇಳಿದ್ದಳು. ಶಾಲೆಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದ ವಿಬ್ರಾಂಡ್ ಆ ಒಂದು ಮಾತನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಅಂದರೆ ಇದು ಇಬ್ಬರ ಮೇಲೂ ಒಟ್ಟಿಗೇ ಬಂದೆರಗಿದ್ದು, ಯಾರ ತಪ್ಪೂ ಅಲ್ಲ. ಅದನ್ನು ನೆಚ್ಚಿಕೊಂಡೇ ಬೆಳಿಗ್ಗೆಯಿಂದ ಮೊಣಕಾಲೂರಿ ದುಡಿಯುತ್ತಿದ್ದ.

ಮೂರು ಗಂಟೆಗೆ, ಮನೆ ಬಾಡಿಗೆಗೆ ಕೊಟ್ಟಿದ್ದ ವಸತಿ ಸಂಘದ ತಪಾಸಣೆಯವನು ಸ್ಮೀಂಕ್ ಬಂದ. ಹೊಸ್ತಿಲಲ್ಲೇ ನಿಂತು ನೆಲ ನೋಡಿದ, ಮೂಲೆಯಲ್ಲಿದ್ದವನನ್ನು ನೋಡಿದ.

"ಏನ್ ಮೇಷ್ಟ್ರೇ, ಕಿಟಕಿ ಕಡೆಯಿಂದ ಶುರು ಮಾಡ್ಬೇಕಿತ್ತಲ್ವಾ? ನಿಮ್ಮನೆಯವರಿಗೆ ಹೇಳಿದ್ದೆ. ಮನೆ ಬಿಟ್ರೆ ಏನೇನು ಮಾಡ್ಬೇಕು ಅಂತ ಮಾರ್ಚಲ್ಲಿ ಕರೆಸಿ ಕೇಳಿದ್ರು."

"ಮೇ ತಿಂಗಳಿರ್ಬೇಕು."

ಸ್ಮೀಂಕ್ ಹಾಳೆ ತಿರುವಿದ. "ಮಾರ್ಚ್ ಹದಿನಾಲ್ಕು. ಅವರದೇ ಸಹಿ. ಈ ಅಂಟು ಬಿಡಿಸೋದು ಕಷ್ಟ ಅಂದೆ. ನಮ್ಮೆಜಮಾನ್ರು ಮಾಡ್ತಾರೆ ಬಿಡಿ, ಅಂದ್ರು."

ಮಾರ್ಚ್ ಹದಿನಾರು ಅವನ ಐವತ್ತನೆಯ ಹುಟ್ಟುಹಬ್ಬ. ಇದೇ ಕೋಣೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಂದವರೆಲ್ಲ ಪದ್ಧತಿಯಂತೆ ಹಿಲ್ಕೆಯ ಕೈಯನ್ನೂ ಕುಲುಕಿ, ಇಂಥ ಗಂಡನಿಗಾಗಿ ನಿನಗೂ ಶುಭಾಶಯ ಎಂದಿದ್ದರು. ಅವಳು ನಗುತ್ತ ಒಬ್ಬೊಬ್ಬರಿಗೂ ಕೇಕು ಕೊಟ್ಟಿದ್ದಳು. ಆ ಹೊತ್ತಿಗಾಗಲೇ ಈ ನೆಲ ಕೆರೆಯುವ ಕೆಲಸವನ್ನು ಅವಳು ಅವನ ಪಾಲಿಗೆ ಬರೆಸಿಟ್ಟಾಗಿತ್ತು. ಅವಳು ಬಿಟ್ಟುಹೋದದ್ದಕ್ಕಿಂತ ಆ ಕೇಕೇ ಅವನಿಗೆ ಹೆಚ್ಚು ಚುಚ್ಚಿತು.

ಕೆಳಗಿನ ಮನೆ ನೋಡಿ ಬರುತ್ತೇನೆ, ಅಷ್ಟರಲ್ಲಿ ಸಹಿ ಹಾಕಿಡಿ ಎಂದು ಸ್ಮೀಂಕ್ ಹಾಳೆಯನ್ನು ಹೊಸ್ತಿಲ ಮೇಲಿಟ್ಟು ಹೋದ. ಹಿಲ್ಕೆಯ ಹೆಸರಿನ ಕೆಳಗೆ ಒಂದು ಖಾಲಿ ಗೆರೆ ಇತ್ತು.

ವಿಬ್ರಾಂಡ್ ಎದ್ದು ಹೆಜ್ಜೆ ಇಟ್ಟ. ಎಡಗಾಲಿನ ಕಾಲುಚೀಲ ಅಂಟಿಗೆ ಕಚ್ಚಿಕೊಂಡು ಅಲ್ಲೇ ಉಳಿಯಿತು. ಆಮೇಲೆ ಬಲಗಾಲಿನದು. ಕೋಣೆಯ ನಡುವೆ ಬರಿಗಾಲೂ ಮೇಲೇಳದಾಯಿತು. ತಿರುಗಿ ನೋಡಿದ. ಅವನ ಎರಡು ಕಾಲುಚೀಲಗಳು ಬಾಗಿಲಿಗೆ ಮುಖ ಮಾಡಿ, ಒಂದರ ಮುಂದೊಂದು, ಯಾರನ್ನೂ ಹೊತ್ತುಕೊಳ್ಳದೆ ನಡೆಯುತ್ತಿದ್ದವು.